ಗಾಳಿಯೇ ಇಲ್ಲದ ಬುಧನ ಮೇಲೆ ಉಲ್ಕೆ ಬಿದ್ರೆ "ವಾತಾವರಣ ಹೆಚ್ಚುತ್ತೆ" ಅಂದ್ರೆ ಏನರ್ಥ?

ಸಂಜೆಬೆಳ್ಳಿ
ತಿಳಿದವರು ಯಾರಾದ್ರೂ ಬಿಡಿಸಿ ಹೇಳಿ. ಚಂದ್ರನಿಗೆ ವಾತಾವರಣ ಇಲ್ಲ, ಬುಧನಿಗೂ ಇಲ್ಲ ಅಂತಲೇ ಓದಿಕೊಂಡು ಬಂದವಳು ನಾನು. ಈಗ ನೋಡಿದ್ರೆ ಉಲ್ಕಾಕಣಗಳ ಹೊಡೆತಕ್ಕೆ ಬುಧನ ಹೊರ ವಾತಾವರಣದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತೆ, ಚಂದ್ರನಲ್ಲಿ ಪೊಟ್ಯಾಸಿಯಂ ಏರುತ್ತೆ ಅಂತೆಲ್ಲ ಬರೀತಾರೆ. ಇಲ್ಲದೇ ಇರೋದು ಹೆಚ್ಚೋದು ಹೇಗೆ? ಭೂಮಿಗೂ ದಿನಾ ಟನ್‌ಗಟ್ಟಲೆ ಉಲ್ಕಾಧೂಳು ಬರುತ್ತಲ್ಲ, ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಇನ್ನೊಂದು ವಿಷಯ, ದೊಡ್ಡ ಬಂಡೆ ಬಂದು ಅಪ್ಪಳಿಸಿದ್ರೆ ಇರೋ ಚೂರುಪಾರು ಗಾಳಿಯೂ ಹಾರಿಹೋಗಬೇಕಲ್ವಾ? ಹೆಚ್ಚೋದು ಯಾವ ನ್ಯಾಯ?

ಸುಮ್ನೆ_ಓದೋನು
ನಂಗೂ ಇದೇ ಡೌಟು. ಇಲ್ಲೇ ಕೂತಿರ್ತೀನಿ.

ರಾತ್ರಿಗೂಬೆ
"ಇಲ್ಲ" ಅನ್ನೋದು ಶಾಲೆಯ ಮಟ್ಟಕ್ಕೆ ಸರಿಯೇ. ಸಮುದ್ರಮಟ್ಟದ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರ್ ಜಾಗಕ್ಕೆ ಸುಮಾರು 2.5 × 10¹⁹ ಅಣುಗಳಿರ್ತವೆ. ಚಂದ್ರನ ನೆಲದ ಹತ್ತಿರ ಅಷ್ಟೇ ಜಾಗದಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ. ಇಡೀ ಚಂದ್ರನ ವಾತಾವರಣ ಗುಡ್ಡೆ ಹಾಕಿ ತೂಗಿದ್ರೆ ಸುಮಾರು 25 ಟನ್, ಬುಧನದ್ದು 10 ಟನ್‌ಗಿಂತ ಕಡಿಮೆ ಅಂತ ಅಂದಾಜು. ಇಡೀ ಗೋಳಕ್ಕೆ ಸೇರಿ ಇಷ್ಟೇ!

ಇದನ್ನ ಎಕ್ಸೋಸ್ಫಿಯರ್ ಅಂತಾರೆ, ಕನ್ನಡದಲ್ಲಿ ಬಾಹ್ಯಗೋಳ. ಭೂಮಿಗೂ ಇದೆ, ಆದ್ರೆ ನಮ್ಮದು ನೂರಾರು ಕಿ.ಮೀ. ಮೇಲೆ ಶುರು. ಬುಧ, ಚಂದ್ರರಲ್ಲಿ ಅದು ನೆಲದಿಂದಲೇ ಶುರು. ಅಲ್ಲಿ ಒಂದು ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಪ್ರತಿಯೊಂದೂ ಎಸೆದ ಕಲ್ಲಿನ ಹಾಗೆ ಒಂಟಿಯಾಗಿ ಮೇಲೆ ಹೋಗುತ್ತೆ, ಕೆಳಗೆ ಬೀಳುತ್ತೆ, ಇಲ್ಲಾ ಹಿಂತಿರುಗದೆ ಹೊರಟೇಹೋಗುತ್ತೆ.

ಮುಖ್ಯ ವಿಷಯ ಇಲ್ಲಿದೆ. ಈ ಪರಮಾಣುಗಳಿಗೆ ಆಯಸ್ಸು ಕಮ್ಮಿ. ಬಿಸಿಲಿನ ನೇರಳಾತೀತ ಕಿರಣ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡುತ್ತೆ, ಸೌರಮಾರುತ, ಅಂದ್ರೆ ಸೂರ್ಯನಿಂದ ಸದಾ ಬೀಸೋ ಆವೇಶಭರಿತ ಕಣಗಳ ಹರಿವು, ಅದನ್ನ ಎತ್ತಿಕೊಂಡು ಹೋಗುತ್ತೆ. ಅಂದ್ಮೇಲೆ ನಾವು ಇವತ್ತು ನೋಡ್ತಿರೋದು ಹಳೇ ದಾಸ್ತಾನು ಅಲ್ಲ, ಈಗಷ್ಟೇ ನೆಲದಿಂದ ಎದ್ದಿದ್ದು. ಉಲ್ಕಾಕಣ ಇರೋ ವಾತಾವರಣವನ್ನ ಕದಡೋದಕ್ಕಿಂತ ಹೆಚ್ಚಾಗಿ ಅದನ್ನ ಹುಟ್ಟಿಸುತ್ತೆ.

ಅಡ್ಡಮಾತು
ಹುಟ್ಟಿಸುತ್ತೆ ಅನ್ನೋದು ಅತಿಯಾಯ್ತು ಗುರು. ಬಿಸಿಲು ಏನು ಸುಮ್ನೆ ಕೂತಿರುತ್ತಾ? ಬುಧನ ಹಗಲು 430 ಡಿಗ್ರಿ. ಆ ಶಾಖಕ್ಕೇ ಸೋಡಿಯಂ ಆವಿಯಾಗುತ್ತೆ. ಜೊತೆಗೆ ಸೌರಮಾರುತದ ಪ್ರೋಟಾನ್‌ಗಳು ನೆಲಕ್ಕೆ ಬಡಿದು ಪರಮಾಣು ಕೀಳ್ತವೆ. ಬೆಳಕಿನ ಕಣವೇ ಕೆಲವನ್ನ ಕಿತ್ತು ಎಬ್ಬಿಸುತ್ತೆ. ಇಷ್ಟೆಲ್ಲ ಇರುವಾಗ ಉಲ್ಕೆಗೇ ಯಾಕೆ ಪಟ್ಟ?

ರಾತ್ರಿಗೂಬೆ
ಪಟ್ಟ ಯಾರಿಗೆ ಅನ್ನೋದು ಯಾವ ಧಾತು ಅನ್ನೋದರ ಮೇಲೆ ನಿಂತಿದೆ. ಸೋಡಿಯಂ, ಪೊಟ್ಯಾಸಿಯಂ ಸಡಿಲವಾಗಿ ಅಂಟಿಕೊಂಡಿರೋವು, ಶಾಖಕ್ಕೂ ಎದ್ದುಬಿಡ್ತವೆ, ಬೆಳಕಿಗೂ ಎದ್ದುಬಿಡ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಾಗಲ್ಲ. ಖನಿಜದೊಳಗೆ ಬಿಗಿಯಾಗಿ ಕೂತಿರ್ತವೆ. 430 ಡಿಗ್ರಿ ಅವಕ್ಕೆ ಲೆಕ್ಕಕ್ಕೇ ಇಲ್ಲ.

ಲೆಕ್ಕದ_ಮೇಷ್ಟ್ರು
ಅಂಕಿ ಇಟ್ಟು ಮಾತಾಡೋಣ. ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ಬರುವ ಒಂದು ಕಿಲೋ ಕಲ್ಲಿನ ಚಲನಶಕ್ತಿ 200 ಮೆಗಾಜೂಲ್. ಒಂದು ಕಿಲೋ ಟಿಎನ್‌ಟಿ ಸಿಡಿದ್ರೆ ಸುಮಾರು 4.2 ಮೆಗಾಜೂಲ್. ಅಂದ್ರೆ ತನ್ನ ತೂಕದ ಸ್ಫೋಟಕಕ್ಕಿಂತ 48 ಪಟ್ಟು. ಇದು ಚಂದ್ರನ ಮೇಲಿನ ಸಾಧಾರಣ ಹೊಡೆತ. ಬುಧನ ಹತ್ತಿರ ಎಲ್ಲವೂ ಜೋರು. ಬುಧನೇ ಸೆಕೆಂಡಿಗೆ ಸರಾಸರಿ 47 ಕಿ.ಮೀ. ಓಡ್ತಾನೆ. ಎದುರು ದಿಕ್ಕಿನಿಂದ ಸುತ್ತುವ ಧೂಮಕೇತುವಿನ ಧೂಳು ಮುಖಾಮುಖಿಯಾದ್ರೆ ಸೆಕೆಂಡಿಗೆ 100 ಕಿ.ಮೀ. ದಾಟಬಹುದು. ಶಕ್ತಿ ವೇಗದ ವರ್ಗದ ಪ್ರಕಾರ ಏರೋದ್ರಿಂದ ಅದು 20ರ ಹೊಡೆತಕ್ಕಿಂತ 25 ಪಟ್ಟು. ಬಂದ ಕಣವೂ ಆವಿ, ಅದು ಬಿದ್ದ ಜಾಗದ ಮಣ್ಣೂ ಆವಿ, ಅದೂ ಕಣದ ತೂಕಕ್ಕಿಂತ ಹಲವು ಪಟ್ಟು ಮಣ್ಣು.

ಆವಿ ಎಷ್ಟೆತ್ತರ ಹೋಗುತ್ತೆ? 3000 ಕೆಲ್ವಿನ್ ಅಂತ ಇಟ್ಕೊಳ್ಳಿ. ಸೋಡಿಯಂ ಪರಮಾಣುವಿನ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಕಿ.ಮೀ. ಚಂದ್ರನ ವಿಮೋಚನಾ ವೇಗ, ಅಂದ್ರೆ ಅದರ ಸೆಳೆತ ತಪ್ಪಿಸಿಕೊಂಡು ಹೋಗೋಕೆ ಬೇಕಾದ ವೇಗ, 2.38. ನೇರ ಮೇಲಕ್ಕೆ ಹೋದ್ರೆ ಸಾವಿರ ಕಿ.ಮೀ. ಆಸುಪಾಸು ಮುಟ್ಟಿ ಬೀಳುತ್ತೆ. ಬುಧನಲ್ಲಿ ಅದೇ ಪರಮಾಣು ಮುನ್ನೂರು ಚಿಲ್ಲರೆ ಕಿ.ಮೀ.ಗೇ ಸುಸ್ತು, ಯಾಕಂದ್ರೆ ಅಲ್ಲಿ ವಿಮೋಚನಾ ವೇಗ 4.25.

ಸಂಜೆಬೆಳ್ಳಿ
ಮೇಷ್ಟ್ರೇ, ಸಾವಿರ ಕಿ.ಮೀ.! ನಾನು ಅಂಗಳದಲ್ಲಿ ಧೂಳೆದ್ದ ಮಟ್ಟಿಗೆ ಕಲ್ಪಿಸಿಕೊಂಡಿದ್ದೆ. ಹಾಗಾದ್ರೆ ಭೂಮಿಯಲ್ಲಿ ಯಾಕೆ ಹೀಗಿಲ್ಲ?

ಧೂಳೀಪಟ
ಭೂಮಿಯಲ್ಲೂ ಆಗುತ್ತೆ, ಜಾಗ ಬೇರೆ. ನಮ್ಮಲ್ಲಿ ಕಣ ನೆಲ ಮುಟ್ಟೋದೇ ಇಲ್ಲ, ನೂರು ಕಿ.ಮೀ. ಆಸುಪಾಸಿನಲ್ಲೇ ಉರಿದು ಸವೆದುಹೋಗುತ್ತೆ. ಆ ಲೋಹ ಅಲ್ಲೇ ಉಳಿದು ಸುಮಾರು 90 ಕಿ.ಮೀ. ಎತ್ತರದಲ್ಲಿ ಒಂದು ಸೋಡಿಯಂ ಪದರ ಆಗಿದೆ. ದೊಡ್ಡ ದೂರದರ್ಶಕಗಳಿಂದ ಹಳದಿ ಲೇಸರ್ ಬಿಟ್ಟು ಆಕಾಶದಲ್ಲಿ ಕೃತಕ ನಕ್ಷತ್ರ ಮಾಡ್ತಾರಲ್ಲ, ಅದು ಹೊಳೆಯೋದು ಇದೇ ಪದರದಲ್ಲಿ. ಉಲ್ಕೆಗಳು ತಂದುಹಾಕಿದ ಸೋಡಿಯಂ. ನಮ್ಮ ವಾತಾವರಣದ ತೂಕದ ಎದುರು ಅದು ಏನೇನೂ ಅಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಅಡ್ಡಮಾತು
ಮಂಗಳದ ವಾತಾವರಣವನ್ನ ಹಿಂದೆ ದೊಡ್ಡ ಬಂಡೆಗಳೇ ಅಪ್ಪಳಿಸಿ ಹಾರಿಸಿಬಿಟ್ಟವು ಅಂತ ಓದಿದೀನಿ. ಅಲ್ಲಿ ಕಿತ್ತುಕೊಂಡು ಹೋಗೋ ಉಲ್ಕೆ ಬುಧನಲ್ಲಿ ದಾನ ಕೊಡುತ್ತಾ? ಸಂಜೆಬೆಳ್ಳಿ ಕೇಳಿದ ಕೊನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ.

ರಾತ್ರಿಗೂಬೆ
ಕೊಡ್ತೀನಿ. ಬಂಡೆ ಬಿದ್ದಾಗ ಎದ್ದ ಆವಿ ಸುತ್ತಲಿನ ಗಾಳಿಯನ್ನ ತಳ್ಳಿಕೊಂಡು ಹೋಗಬೇಕಾದ್ರೆ ಆ ಗಾಳಿಯ ಅಣುಗಳು ಒಂದಕ್ಕೊಂದು ತಾಗಬೇಕು. ದಟ್ಟ ವಾತಾವರಣದಲ್ಲಿ ಹಾಗೇ ಆಗುತ್ತೆ, ಆಘಾತದ ಅಲೆ ಎದ್ದು ಒಂದಷ್ಟು ಗಾಳಿ ಬಾಹ್ಯಾಕಾಶಕ್ಕೆ ಹೋಗುತ್ತೆ. ಬಾಹ್ಯಗೋಳದಲ್ಲಿ ತಾಗೋದೇ ಇಲ್ಲವಲ್ಲ, ತಳ್ಳೋದು ಯಾರನ್ನ? ಹೊಸ ಆವಿ ಹಳೇ ಪರಮಾಣುಗಳ ನಡುವೆ ನುಸುಳಿಕೊಂಡು ಹೋಗುತ್ತೆ ಅಷ್ಟೇ.

ಲೆಕ್ಕದ_ಮೇಷ್ಟ್ರು
ಇದಕ್ಕೆ ಒಂದು ಲೆಕ್ಕ ಸೇರಿಸ್ತೀನಿ. ಒಂದು ಮೀಟರ್ ಅಡ್ಡಗಲದ ಕಲ್ಲುಗುಂಡು ಸುಮಾರು ಒಂದೂವರೆ ಟನ್. ಬುಧನ ಇಡೀ ವಾತಾವರಣ 10 ಟನ್‌ಗಿಂತ ಕಡಿಮೆ. ಕಲ್ಲು ತನ್ನ ತೂಕದ ಕೆಲವು ಪಟ್ಟು ಮಣ್ಣನ್ನ ಆವಿ ಮಾಡಿದ್ರೆ ಒಂದೇ ಒಂದು ಕಲ್ಲು ಇಡೀ ಗ್ರಹದ ವಾತಾವರಣಕ್ಕೆ ಸರಿಸಮ ಆವಿಯನ್ನ ಒಂದು ಕ್ಷಣದಲ್ಲಿ ಎಬ್ಬಿಸುತ್ತೆ! ಅದರಲ್ಲಿ ಬಹುಪಾಲು ವಾಪಸ್ ನೆಲಕ್ಕೆ ಬಿದ್ದು ಅಂಟಿಕೊಳ್ಳುತ್ತೆ, ಅದು ಬೇರೆ ಮಾತು.

ಪ್ರಿಸಂ_ಪದ್ದಿ
ಮೇಷ್ಟ್ರು ಹೇಳಿದಂಥದ್ದು ನಿಜವಾಗಿಯೂ ದಾಖಲಾಗಿದೆ. 2013ರ ಡಿಸೆಂಬರ್ 21ರಂದು ಬುಧನನ್ನ ಸುತ್ತುತ್ತಿದ್ದ ಮೆಸೆಂಜರ್ ನೌಕೆಯ ಅಯಾನು ಅಳೆಯೋ ಉಪಕರಣಕ್ಕೆ ನೆಲದಿಂದ 5000 ಕಿ.ಮೀ.ಗೂ ಮೇಲೆ ಇದ್ದಕ್ಕಿದ್ದ ಹಾಗೆ ಸೋಡಿಯಂ, ಸಿಲಿಕಾನ್ ಅಯಾನುಗಳ ಗುಂಪು ಸಿಕ್ಕಿತು. ಎಲ್ಲವೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ. ಅಂದ್ರೆ ಆಗಷ್ಟೇ ಅಯಾನುಗಳಾದವು. ಡೇಟಾ ವರ್ಷಗಟ್ಟಲೆ ಹಾಗೇ ಇತ್ತು. 2020ರಲ್ಲಿ ಜೇಮೀ ಜಸಿನ್‌ಸ್ಕಿ ತಂಡ ಬಿಡಿಸಿ ನೋಡಿ, ಸುಮಾರು ಒಂದು ಮೀಟರ್ ಗಾತ್ರದ ಕಲ್ಲು ಬುಧನಿಗೆ ಅಪ್ಪಳಿಸಿ ಎದ್ದ ಆವಿ ಇದು ಅಂತ ತೀರ್ಮಾನಕ್ಕೆ ಬಂತು.

ಸುಮ್ನೆ_ಓದೋನು
ಯಾರೂ ನೋಡದೇ ಇದ್ದಾಗ ಬಿದ್ದ ಕಲ್ಲು, ಏಳು ವರ್ಷ ಆದ್ಮೇಲೆ ಸಿಕ್ಕಿಬಿತ್ತು. ಸಕತ್.

ಅಡ್ಡಮಾತು
ಒಂದು ಘಟನೆ. ಒಂದೇ ಒಂದು. ಅದರ ಮೇಲೆ ಇಡೀ ಸಿದ್ಧಾಂತ ಕಟ್ತೀರಾ?

ಪ್ರಿಸಂ_ಪದ್ದಿ
ಇಲ್ಲ ಸ್ವಾಮಿ, ಅದರ ಮೇಲೆ ಯಾರೂ ಕಟ್ಟಿಲ್ಲ. ಕಟ್ಟಿರೋದು ಕ್ಯಾಲ್ಸಿಯಂ ಮೇಲೆ. ಮೆಸೆಂಜರ್ 2011ರ ಮಾರ್ಚ್‌ನಿಂದ 2015ರ ಏಪ್ರಿಲ್ 30ಕ್ಕೆ ನೆಲಕ್ಕೆ ಬಿದ್ದು ಮುಗಿಯುವವರೆಗೆ ಬುಧನನ್ನ ಸುತ್ತಿತು. ಬುಧನ ವರ್ಷ ಅಂದ್ರೆ 88 ದಿನ, ಹಾಗಾಗಿ ಹತ್ತಾರು ಬುಧವರ್ಷಗಳ ಅಳತೆ ಸಿಕ್ಕಿದೆ. ಕ್ಯಾಲ್ಸಿಯಂ ಯಾವಾಗಲೂ ಮುಂಜಾವಿನ ಕಡೆಯಿಂದಲೇ ಏಳುತ್ತೆ. ವರ್ಷದಿಂದ ವರ್ಷಕ್ಕೆ ಅದೇ ಏರಿಳಿತ, ಗಡಿಯಾರದ ಹಾಗೆ. ಸೌರಮಾರುತ ಕಾರಣ ಆಗಿದ್ರೆ ಸೂರ್ಯನ ಆರ್ಭಟ ಬದಲಾದಂಗೆ ಇದೂ ಕುಣಿಯಬೇಕಿತ್ತು. ಕುಣಿಯಲ್ಲ.

ಮುಂಜಾವಿನ ಕಡೆ ಯಾಕೆ ಅಂದ್ರೆ, ಗ್ರಹ ತನ್ನ ಕಕ್ಷೆಯಲ್ಲಿ ಮುನ್ನುಗ್ಗುವಾಗ ಮುಂದಿರೋ ಮುಖ ಅದೇ. ಎದುರಿಂದ ಬರೋ ಧೂಳೆಲ್ಲ ಆ ಕಡೆಗೇ ಬಡಿಯುತ್ತೆ. ಭೂಮಿಯಲ್ಲೂ ನಡುರಾತ್ರಿ ದಾಟಿ ಬೆಳಗಿನ ಜಾವಕ್ಕೆ ಉಲ್ಕೆಗಳು ಜಾಸ್ತಿ ಕಾಣೋದು ಇದೇ ಕಾರಣಕ್ಕೆ.

ಇನ್ನೊಂದು ಗಮ್ಮತ್ತು. ಸೂರ್ಯನಿಗೆ ಅತಿ ಹತ್ತಿರದ ಬಿಂದು ದಾಟಿದ ಸ್ವಲ್ಪ ಹೊತ್ತಿಗೆ ಪ್ರತಿವರ್ಷ ಕ್ಯಾಲ್ಸಿಯಂ ಒಂದು ಗುಡ್ಡ ಏರುತ್ತೆ. ಹರಡಿಕೊಂಡಿರೋ ಸಾಮಾನ್ಯ ಧೂಳನ್ನಷ್ಟೇ ಲೆಕ್ಕ ಹಾಕಿದ್ರೆ ಆ ಗುಡ್ಡ ಬರಲ್ಲ. ರೋಸ್‌ಮೇರಿ ಕಿಲೆನ್ ಮತ್ತು ಜೋಸೆಫ್ ಹಾನ್ 2015ರಲ್ಲಿ ಹೇಳಿದ್ದು, ಅದು ಎಂಕೆ ಧೂಮಕೇತುವಿನ ಧೂಳಿನ ಹಾದಿಯನ್ನ ಬುಧ ಹಾಯೋ ಜಾಗ ಅಂತ. ಅಂದ್ರೆ ಬುಧನ ಉಲ್ಕಾವೃಷ್ಟಿ. ಆಕಾಶದಲ್ಲಿ ಗೆರೆ ಮೂಡಲ್ಲ, ನೆಲದಿಂದ ಕ್ಯಾಲ್ಸಿಯಂ ಏಳುತ್ತೆ.

ಅಡ್ಡಮಾತು
ಎಂಕೆಯ ಕಕ್ಷೆ ಇವತ್ತು ಆ ಜಾಗಕ್ಕೆ ಸರಿಯಾಗಿ ಕೂರಲ್ಲ ಅಂತ ನೆನಪು.

ಪ್ರಿಸಂ_ಪದ್ದಿ
ಧೂಮಕೇತುವಿನ ಇವತ್ತಿನ ಕಕ್ಷೆ ಕೂರಲ್ಲ, ನಿಜ. ಆದ್ರೆ ಧೂಳು ಇವತ್ತು ಉದುರಿದ್ದಲ್ಲ. ಸಣ್ಣ ಕಣಗಳ ಮೇಲೆ ಬೆಳಕು ಬಿದ್ದೂ ಬಿದ್ದೂ ಅವು ಓಟ ಕಳೆದುಕೊಂಡು ನಿಧಾನಕ್ಕೆ ಒಳಗೆ ಸರೀತವೆ. ಸಾವಿರಾರು ವರ್ಷ ಹಿಂದೆ ಉದುರಿದ ಕಣಗಳನ್ನ ಹಾಗೆ ಸರಿಸಿ ನೋಡಿದ್ರೆ ಗುಡ್ಡದ ಜಾಗಕ್ಕೆ ಹೊಂದುತ್ತೆ. ಆ ಲೆಕ್ಕವನ್ನೂ ಅದೇ ವರ್ಷ ಮಾಡಿದ್ದಾರೆ.

ಟ್ರೈಪಾಡ್
ನಾನು ಬರೀ ಕ್ಯಾಮೆರಾ ಮನುಷ್ಯ, ಗಣಿತ ಬರಲ್ಲ. ಆದ್ರೆ ಬುಧನ ಸೋಡಿಯಂ ಬಾಲವನ್ನ ನಾನೇ ಹಿಡಿದಿದ್ದೀನಿ, ಅದಕ್ಕೆ ಬರೀತಿದೀನಿ. 589 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನ ಮಾತ್ರ ಬಿಡೋ ಫಿಲ್ಟರ್ ಹಾಕಬೇಕು. ಸೂರ್ಯ ಮುಳುಗಿ ಬುಧ ಮುಳುಗೋ ನಡುವೆ ಸಿಗೋ ಹೊತ್ತು ಕಮ್ಮಿ. ಅದರಲ್ಲಿ ಮೊದಲರ್ಧ ಆಕಾಶ ಇನ್ನೂ ಬೆಳ್ಳಗಿರುತ್ತೆ, ಎರಡನೇ ಅರ್ಧದಲ್ಲಿ ಬುಧ ದಿಗಂತದ ಮಂಜಿನೊಳಗೆ ಇಳಿದಿರ್ತಾನೆ. ಒಂದೊಂದೇ ಫೋಟೋದಲ್ಲಿ ಏನೂ ಕಾಣಲ್ಲ. ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ, ಆಕಾಶದ ಹಿನ್ನೆಲೆ ಕಳೆದ್ಮೇಲೆ ಸೂರ್ಯನಿಗೆ ಬೆನ್ನು ಮಾಡಿಕೊಂಡ ಒಂದು ಮಸುಕು ಹಳದಿ ಗೀಟು ಮೂಡುತ್ತೆ.

ದೊಡ್ಡ ಶತ್ರು ಹಳೇ ಕಾಲದ ಹಳದಿ ಬೀದಿದೀಪ. ಅದೂ ಸೋಡಿಯಂ, ಅದೇ 589. ಫಿಲ್ಟರ್ ಅದನ್ನ ಕೈಬೀಸಿ ಕರೆದು ಒಳಗೆ ಬಿಡುತ್ತೆ.

ಒಂದು ಸಲ ಬಾಲ ಚೆನ್ನಾಗಿ ಉದ್ದಕ್ಕೆ ಬಂತು, ಮುಂದಿನ ಸುತ್ತಿನಲ್ಲಿ ಸಪ್ಪೆ. ಮೊದಲನೇದು ಎಂಕೆ ಉಲ್ಕಾವೃಷ್ಟಿಯ ಪ್ರಭಾವ ಇರಬೇಕು ಅಲ್ವಾ?

ಧೂಳೀಪಟ
ಫೋಟೋ ಹಾಕಿ ಸಾರ್, ಬರೀ ಮಾತಾಯ್ತು!

ಪ್ರಿಸಂ_ಪದ್ದಿ
ಟ್ರೈಪಾಡ್ ಸಾರ್, ನಿಮ್ಮ ತಾಳ್ಮೆಗೆ ಒಂದು ನಮಸ್ಕಾರ. ಆದ್ರೆ ಬಾಲದ ಹೊಳಪು ನೋಡಿ ಉಲ್ಕಾವೃಷ್ಟಿ ಅನ್ನೋ ಹಾಗಿಲ್ಲ. ಸೋಡಿಯಂ ಪರಮಾಣುವನ್ನ ಹಿಂದಕ್ಕೆ ತಳ್ಳಿ ಬಾಲ ಮಾಡೋದೂ, ಹೊಳೆಯೋ ಹಾಗೆ ಮಾಡೋದೂ ಸೂರ್ಯನ 589ರ ಬೆಳಕೇ. ಮಜಾ ಏನಂದ್ರೆ ಸೂರ್ಯನ ಬೆಳಕಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಒಂದು ಕಪ್ಪು ಗೆರೆ ಇದೆ, ಸೂರ್ಯನದ್ದೇ ಸೋಡಿಯಂ ಆ ಬೆಳಕನ್ನ ನುಂಗಿರುತ್ತೆ. ಬುಧ ಸೂರ್ಯನಿಗೆ ಅತಿ ಹತ್ತಿರ ಇರುವಾಗಲೂ ಅತಿ ದೂರ ಇರುವಾಗಲೂ ಸೂರ್ಯನಿಂದ ಅವನ ಅಂತರ ಆ ಕ್ಷಣಕ್ಕೆ ಬದಲಾಗ್ತಿರಲ್ಲ, ಆಗ ಸೋಡಿಯಂ ಆ ಕಪ್ಪು ಗೆರೆಯ ನೆರಳಲ್ಲೇ ಕೂತಿರುತ್ತೆ. ನಡುವೆ ಬುಧ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ದೂರ ಸರಿಯುವಾಗಲೋ ಹತ್ತಿರ ಬರುವಾಗಲೋ ಡಾಪ್ಲರ್ ಪರಿಣಾಮದಿಂದ (ಓಟಕ್ಕೆ ತಕ್ಕಂತೆ ಬೆಳಕಿನ ತರಂಗಾಂತರ ಸರಿಯೋದು) ಗೆರೆಯ ಪಕ್ಕಕ್ಕೆ ಜಾರಿ ಪೂರ್ತಿ ಬೆಳಕಿಗೆ ಬೀಳುತ್ತೆ, ಜೋರಾಗಿ ತಳ್ಳಿಸಿಕೊಳ್ಳುತ್ತೆ. ನಿಮ್ಮ ಒಳ್ಳೇ ಫೋಟೋ ಯಾವತ್ತಿನದು? ಸೂರ್ಯನಿಗೆ ಹತ್ತಿರದ ಬಿಂದು ದಾಟಿ ಎರಡು ವಾರದ ಆಸುಪಾಸು ಇರಬೇಕು.

ಟ್ರೈಪಾಡ್
ಪಂಚಾಂಗ ನೋಡಿದೆ, ಅಲ್ಲೇ ಇದೆ ಮೇಡಂ. ನೀವು ಬಾಹ್ಯಾಕಾಶದವರೋ ಜ್ಯೋತಿಷಿಯೋ?

ಪ್ರಿಸಂ_ಪದ್ದಿ
ಎರಡೂ ಅಲ್ಲ, ಓದೋ ಹುಚ್ಚು. ಸೋಡಿಯಂ ಕಣ್ಣಿಗೆ ಬೀಳೋದು ಸುಲಭ ಅಷ್ಟೇ, ಅದೇ ಜಾಸ್ತಿ ಇದೆ ಅಂತಲ್ಲ. ಚಂದ್ರನ ನೆಲದ ಹತ್ತಿರ ಒಂದು ಘನ ಸೆಂಟಿಮೀಟರ್‌ಗೆ ಸೋಡಿಯಂ 70ರಷ್ಟು, ಪೊಟ್ಯಾಸಿಯಂ 17ರಷ್ಟು. ಹೀಲಿಯಂ, ಆರ್ಗಾನ್ ಸಾವಿರಗಟ್ಟಲೆ. ಅವು ಭೂಮಿಯಿಂದ ನೋಡಿದ್ರೆ ಹೊಳೆಯಲ್ಲ, ಇದು ಹೊಳೆಯುತ್ತೆ. 1985ರಲ್ಲಿ ಪಾಟರ್ ಮತ್ತು ಮಾರ್ಗನ್ ಬುಧನ ಸೋಡಿಯಂ ಹಿಡಿದಿದ್ದು ನೆಲದ ಮೇಲಿನ ದೂರದರ್ಶಕದಿಂದಲೇ.

ಧೂಳೀಪಟ
ಚಂದ್ರನಿಗೂ ಸೋಡಿಯಂ ಬಾಲ ಇದೆ, ಗೊತ್ತಾ? ಅದು ಗೊತ್ತಾಗಿದ್ದೇ ಉಲ್ಕಾವೃಷ್ಟಿಯಿಂದ. 1998ರ ನವೆಂಬರ್‌ನಲ್ಲಿ ಸಿಂಹ ಉಲ್ಕಾವೃಷ್ಟಿ ಮುಗಿದ ಮರುದಿನಗಳಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರ ಇಡೀ ಆಕಾಶ ನೋಡೋ ಕ್ಯಾಮೆರಾಕ್ಕೆ ಒಂದು ಮಸುಕು ಸೋಡಿಯಂ ಮಚ್ಚೆ ಸಿಕ್ಕಿತು. ಅಮಾವಾಸ್ಯೆಯ ಹೊತ್ತಿಗೆ ಚಂದ್ರ ಸೂರ್ಯನ ಕಡೆ ಇರ್ತಾನಲ್ಲ, ಅವನ ಬಾಲ ನಮ್ಮ ಮೇಲೇ ಹಾದುಹೋಗುತ್ತೆ. ಭೂಮಿಯ ಗುರುತ್ವ ಅದನ್ನ ಒಟ್ಟುಗೂಡಿಸಿ ಹಿಂದೆ ಒಂದು ಕಟ್ಟು ಮಾಡುತ್ತೆ, ಅದೇ ಮಚ್ಚೆ. ಬರಿಗಣ್ಣಿಗೆ ಕಾಣಲ್ಲ. ಆ ಸೋಡಿಯಂ ಚಂದ್ರನನ್ನ ಬಿಟ್ಟು ಇಲ್ಲಿಗೆ ಬರೋಕೆ ಸುಮಾರು ಎರಡು ದಿನ.

ಅಡ್ಡಮಾತು
ಅಂದ್ರೆ ವೃಷ್ಟಿ ಬಂದಾಗೆಲ್ಲ ಮಚ್ಚೆ ಹೊಳೆಯಬೇಕು. ಹೊಳೆಯುತ್ತಾ?

ಧೂಳೀಪಟ
ಇಲ್ಲ! ಒಂದು ಸಲಕ್ಕೆ ನಿಮ್ಮ ಕೊಂಕು ಸರಿಯಾದ ಜಾಗಕ್ಕೆ ಬಿತ್ತು. ಅರ್ಜೆಂಟೀನಾದ ಎಲ್ ಲಿಯೊನ್ಸಿಟೊದಿಂದ 2006ರಿಂದ 2019ರವರೆಗೆ ತೆಗೆದ ಚಿತ್ರಗಳನ್ನ ಅದೇ ಗುಂಪು 2021ರಲ್ಲಿ ಜಾಲಾಡಿತು. ಹೆಸರಿರೋ ಉಲ್ಕಾವೃಷ್ಟಿಗಳಿಗಿಂತ ದಿನನಿತ್ಯ ಅಲ್ಲಿ ಇಲ್ಲಿಂದ ಬರೋ ಬಿಡಿ ಉಲ್ಕೆಗಳ ಏರಿಳಿತಕ್ಕೇ ಮಚ್ಚೆಯ ಹೊಳಪು ಹೊಂದಿಕೊಳ್ಳುತ್ತೆ. 1998ರಂಥ ಭಾರೀ ವೃಷ್ಟಿ ಬಿಟ್ಟರೆ ಉಳಿದವು ಅಷ್ಟಕ್ಕಷ್ಟೇ.

ರಾತ್ರಿಗೂಬೆ
ಇದೇ ನಾನು ಒತ್ತಿ ಹೇಳಬೇಕು ಅಂತಿದ್ದದ್ದು. ಸುದ್ದಿ ಆಗೋದು ಬಂಡೆ, ಹೊತ್ತು ನಡೆಸೋದು ಧೂಳು. ನಾಸಾ ಚಂದ್ರನತ್ತ ಕಳಿಸಿದ ಲ್ಯಾಡೀ ನೌಕೆಯ ಅಳತೆ ನೋಡಿ. 2013ರ ಸೆಪ್ಟೆಂಬರ್‌ನಲ್ಲಿ ಹೊರಟು 2014ರ ಏಪ್ರಿಲ್‌ನಲ್ಲಿ ಚಂದ್ರನಿಗೆ ಬಡಿದು ಮುಗಿಯಿತು. ಅದರ ಧೂಳು ಎಣಿಸೋ ಉಪಕರಣ ಕಂಡದ್ದು, ಚಂದ್ರನ ಸುತ್ತ ಸದಾಕಾಲ ಒಂದು ಧೂಳಿನ ಮೋಡ ಇದೆ ಅಂತ. ಯಾವುದೇ ಹೊತ್ತಿನಲ್ಲಿ ಆಕಾಶದಲ್ಲಿರೋ ಧೂಳು ಒಟ್ಟು 120 ಕಿಲೋ. ದಟ್ಟವಾಗಿರೋದು ಇಲ್ಲೂ ಮುಂಜಾವಿನ ಕಡೆಗೇ. ಮಿಥುನ ಉಲ್ಕಾವೃಷ್ಟಿ ಬಂದಾಗ ಹೆಚ್ಚಿತು. ಅದೇ ಡಿಸೆಂಬರ್‌ನಲ್ಲಿ ಪೊಟ್ಯಾಸಿಯಂ ಕೂಡ ಏರಿದ್ದನ್ನ ನೌಕೆಯ ಇನ್ನೊಂದು ಉಪಕರಣ ನೋಡಿತು.

ಸುಮ್ನೆ_ಓದೋನು
ಅಪೊಲೊ 17ರಲ್ಲಿ ಗಗನಯಾತ್ರಿ ಸರ್ನನ್ ಚಂದ್ರನ ಅಂಚಿನಲ್ಲಿ ಕಂಡ ಬೆಳಕನ್ನ ಚಿತ್ರ ಬರೆದಿದ್ರಲ್ಲ, ಅದು ಈ ಧೂಳೇನಾ?

ರಾತ್ರಿಗೂಬೆ
ಅದು ವಿದ್ಯುತ್ ಆವೇಶದಿಂದ ಮೇಲೆ ತೇಲೋ ತೀರಾ ಸಣ್ಣ ಧೂಳು ಅಂತ ಆಗಿನ ವಾದ. ಲ್ಯಾಡೀ ಹುಡುಕಿತು, ಆ ಪ್ರಮಾಣದ ಧೂಳು ಸಿಗಲಿಲ್ಲ. ಈ 120 ಕಿಲೋ ಅಂಥ ಹೊಳಪು ಕೊಡಲಾರದು.

ಧೂಳೀಪಟ
ನೀರಿನ ಕತೆ ಬಿಟ್ಟುಬಿಟ್ರಿ. ಅದೇ ಲ್ಯಾಡೀ, ಉಲ್ಕಾಪ್ರವಾಹಗಳು ಹಾದಾಗಲೆಲ್ಲ ಚಂದ್ರನ ಮೇಲೆ ನೀರಿನ ಆವಿ ಏಳೋದನ್ನ ಕಂಡಿತು. ಮೆಹ್ದಿ ಬೆನ್ನಾ ತಂಡ 2019ರಲ್ಲಿ ಪ್ರಕಟಿಸಿದ್ದು. 29 ಗೊತ್ತಿದ್ದ ಪ್ರವಾಹಗಳಿಗೆ ಹೊಂದಿತು, ಮೊದಲು ಗೊತ್ತಿರದ 4 ಹೊಸ ಪ್ರವಾಹಗಳೂ ಸಿಕ್ಕವು. ಮೇಲಿನ 8 ಸೆಂ.ಮೀ. ಮಣ್ಣು ಒಣಕಲು, ಅದನ್ನ ಸೀಳಿಕೊಂಡು ಹೋಗುವಷ್ಟು ದೊಡ್ಡ ಕಣ ಬಿದ್ರೆ ಮಾತ್ರ ನೀರು ಬರುತ್ತೆ. ಹಾಗಾಗಿ ಗೂಬೆ ಅವ್ರೇ, ಎಲ್ಲಕ್ಕೂ ಸಣ್ಣ ಧೂಳೇ ಸಾಕು ಅನ್ನೋ ನಿಮ್ಮ ಮಾತು ನೀರಿಗೆ ಒಪ್ಪಲ್ಲ. ಪೊಟ್ಯಾಸಿಯಂ ಮೇಲ್ಮಣ್ಣಿನಲ್ಲೇ ಇದೆ, ನೀರು ತಳದಲ್ಲಿದೆ.

ರಾತ್ರಿಗೂಬೆ
ನೀರಿಗೆ ಒಪ್ಪಲ್ಲ, ಸರಿ. ಬೆಟ್ಟದಷ್ಟು ದೊಡ್ಡದು ಬೇಕಿಲ್ಲ ಅನ್ನೋದನ್ನ ಮಾತ್ರ ಸೇರಿಸಿ. ಕೆಲವು ಗ್ರಾಂ ಸಾಕು.

ಅಡ್ಡಮಾತು
ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಸೌರಮಾರುತಕ್ಕೆ ಎಷ್ಟು, ಉಲ್ಕೆಗೆ ಎಷ್ಟು? ಪಾಲು ಹೇಳಿ.

ಪ್ರಿಸಂ_ಪದ್ದಿ
ಚಂದ್ರನಿಗೆ ಪಾಲು ಹಾಕಿದ್ದಾರೆ. ಎಂಐಟಿಯ ನಿಕೋಲ್ ನಿಯೆ ತಂಡ 2024ರಲ್ಲಿ ಅಪೊಲೊ ತಂದ ಮಣ್ಣಿನ 10 ಮಾದರಿಗಳಲ್ಲಿ ಪೊಟ್ಯಾಸಿಯಂ, ರುಬಿಡಿಯಂಗಳ ಐಸೊಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅಳೆಯಿತು. ಹಗುರ ಐಸೊಟೋಪ್ ಬೇಗ ಹಾರಿಹೋಗುತ್ತೆ, ಮಣ್ಣಿನಲ್ಲಿ ಭಾರದ್ದು ಉಳಿಯುತ್ತೆ. ಉಲ್ಕೆಯ ಆವಿಯಾದ್ರೆ ಎಷ್ಟು ಭಾಗ ಉಳಿಯಬೇಕು, ಸೌರಮಾರುತ ಕಿತ್ತಿದ್ರೆ ಎಷ್ಟು ಅನ್ನೋದು ಬೇರೆಬೇರೆ. ಎರಡೂ ಧಾತುಗಳನ್ನ ಜೋಡಿಸಿ ನೋಡಿದಾಗ ಬಂದ ಉತ್ತರ, ಉಲ್ಕಾಘಾತದ್ದು ಸುಮಾರು 70%, ಸೌರಮಾರುತದ್ದು ಸುಮಾರು 30%.

ಲೆಕ್ಕದ_ಮೇಷ್ಟ್ರು
ಆ 70%ನ್ನ ಇಡೀ ವಾತಾವರಣದ 70% ಅಂತ ಎಲ್ಲರೂ ಹಂಚಿಕೊಳ್ತಿದ್ದಾರೆ, ಅದು ತಪ್ಪು. ಅದು ಮಣ್ಣಿನಿಂದ ಏಳೋ ಪೊಟ್ಯಾಸಿಯಂನಂಥ ಧಾತುಗಳ ಪಾಲು. ಚಂದ್ರನ ಹೀಲಿಯಂ ಬಹುಪಾಲು ಸೌರಮಾರುತವೇ ತಂದದ್ದು. ಆರ್ಗಾನ್-40 ಚಂದ್ರನ ಒಳಗೆ ಪೊಟ್ಯಾಸಿಯಂ-40 ಕ್ಷಯಿಸಿ ಸೋರಿ ಬರೋದು. ಚಂದ್ರಯಾನ-2ರ ಚೇಸ್-2 ಉಪಕರಣ ಸುತ್ತಲೂ ಅಳೆದದ್ದು ಈ ಆರ್ಗಾನನ್ನೇ. ಅದಕ್ಕೂ ಉಲ್ಕೆಗೂ ಸಂಬಂಧ ಇಲ್ಲ. ಇದು ಕೋಟ್ಯಂತರ ವರ್ಷಗಳ ಸರಾಸರಿ ಅನ್ನೋದೂ ನೆನಪಿರಲಿ, ಈ ವಾರದ ಲೆಕ್ಕ ಅಲ್ಲ.

ಅಡ್ಡಮಾತು
ಅಬ್ಬಾ, ಕೊನೆಗೂ ಯಾರೋ ಒಬ್ರು ಶರತ್ತು ಹಾಕಿ ಮಾತಾಡಿದ್ರು.

ಹೊಸಬ_ಬಂದೆ
ಮಧ್ಯೆ ಬಾಯಿ ಹಾಕ್ತಿದೀನಿ. ಉಲ್ಕಾವೃಷ್ಟಿ ಆದ ಒಂದು ತಿಂಗಳಿಗೆ ಭೂಮಿಯಲ್ಲಿ ಮಳೆ ಜಾಸ್ತಿ ಆಗುತ್ತೆ, ಉಲ್ಕೆಯ ಧೂಳು ಮೋಡಕ್ಕೆ ಬೀಜ ಆಗುತ್ತೆ ಅಂತ ನಮ್ಮ ಮಾವ ಹೇಳ್ತಿದ್ರು. ನಿಜಾನಾ?

ಧೂಳೀಪಟ
ನಿಮ್ಮ ಮಾವ ಕಟ್ಟಿದ ಕತೆ ಅಲ್ಲ ಅದು. 1950ರ ದಶಕದಲ್ಲಿ ಬೋವೆನ್ ಅನ್ನೋ ಭೌತವಿಜ್ಞಾನಿ ಇದನ್ನ ಗಂಭೀರವಾಗಿಯೇ ಮಂಡಿಸಿದ್ರು. ಉಳಿದವರು ಅಂಕಿಅಂಶ ಕೆದಕಿ ಒಪ್ಪಲಿಲ್ಲ. ಈಗ ಯಾರೂ ಹಿಡಿದುಕೊಂಡಿಲ್ಲ.

ಟ್ರೈಪಾಡ್
ಮೇಲಿನಿಂದ ಬೀಳೋ ಧೂಳು ಅಂದ್ರೆ ಈಗ ಉಪಗ್ರಹಗಳದ್ದೂ ಸೇರಿಸಿ. ಉರಿದು ಬೀಳೋ ಉಪಗ್ರಹ, ರಾಕೆಟ್‌ಗಳ ಅಲ್ಯುಮಿನಿಯಂ ವಾಯುಮಂಡಲದ ಮೇಲಿನ ಪದರದಲ್ಲಿ ಸಿಕ್ತಿದೆ. 2023ರ ಅಧ್ಯಯನದಲ್ಲಿ ಸ್ಟ್ರಾಟೋಸ್ಫಿಯರ್‌ನ ದೊಡ್ಡ ಗಂಧಕಾಮ್ಲ ಕಣಗಳಲ್ಲಿ 10%ರಷ್ಟರಲ್ಲಿ ಇಂಥ ಲೋಹ ಇತ್ತು. ನಾವೇ ಉಲ್ಕಾವೃಷ್ಟಿ ಮಾಡ್ತಿದೀವಿ.

ನಿರ್ವಾಹಕ
ಮಳೆ, ಉಪಗ್ರಹ ಎರಡಕ್ಕೂ ಬೇರೆ ಎಳೆ ತೆರೆಯಿರಿ. ಇಲ್ಲಿ ಬಾಹ್ಯಗೋಳ.

ಸಂಜೆಬೆಳ್ಳಿ
ನಿರ್ವಾಹಕರೇ, ಮಂಗಳ ನಡೆಯುತ್ತಾ? 2014ರಲ್ಲಿ ಒಂದು ಧೂಮಕೇತು ಮಂಗಳದ ಪಕ್ಕದಲ್ಲೇ ಹೋದಾಗ ನಮ್ಮ ಮಂಗಳನೌಕೆಯನ್ನೂ ಗ್ರಹದ ಹಿಂದೆ ಬಚ್ಚಿಟ್ಟಿದ್ರು. ಆಗ ಏನಾಯ್ತು?

ಪ್ರಿಸಂ_ಪದ್ದಿ
ಸೈಡಿಂಗ್ ಸ್ಪ್ರಿಂಗ್ ಧೂಮಕೇತು, 2014ರ ಅಕ್ಟೋಬರ್ 19. ಮಂಗಳದಿಂದ ಬರೀ ಒಂದು ಲಕ್ಷ ನಲವತ್ತು ಸಾವಿರ ಕಿ.ಮೀ., ಅಂದ್ರೆ ನಮಗೂ ಚಂದ್ರನಿಗೂ ಇರೋ ದೂರದ ಅರ್ಧವೂ ಇಲ್ಲ. ಮಾವೆನ್ ನೌಕೆ ತಲುಪಿ ತಿಂಗಳೂ ಆಗಿರಲಿಲ್ಲ. ಧೂಳು ಮೇಲಿನ ವಾತಾವರಣದಲ್ಲಿ ಉರಿದು ಮೆಗ್ನೀಸಿಯಂ, ಕಬ್ಬಿಣ, ಸೋಡಿಯಂ ಸೇರಿ 8 ಬಗೆಯ ಲೋಹದ ಅಯಾನುಗಳು ಸಿಕ್ಕವು. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ರೇಡಾರ್‌ಗೆ ಅಯಾನುಗಳ ಹೊಸ ದಟ್ಟ ಪದರವೇ ಕಂಡಿತು. ಆದ್ರೆ ಇದು ಭೂಮಿಯ ಮಾದರಿ, ಬುಧನ ಮಾದರಿ ಅಲ್ಲ. ಮಂಗಳದ ಗಾಳಿ ತೆಳು, ಆದ್ರೂ ಸಣ್ಣ ಕಣವನ್ನ ನೆಲ ಮುಟ್ಟದ ಹಾಗೆ ಉರಿಸೋಕೆ ಸಾಕು. ಅಲ್ಲಿ ಲೋಹ ಬರೋದು ಧೂಮಕೇತುವಿನಿಂದ, ಬುಧನಲ್ಲಿ ಹೆಚ್ಚಿನದು ಬುಧನ ಮಣ್ಣಿನಿಂದಲೇ.

ಅಡ್ಡಮಾತು
ಕ್ಯಾಲ್ಸಿಯಂಗೆ ಒಂದು ಕೊಕ್ಕೆ ಉಳಿದಿದೆ ಪದ್ದಿ ಮೇಡಂ. ಉಲ್ಕೆಯ ಆವಿ 3000 ಕೆಲ್ವಿನ್ ಅಂದ್ರು ಮೇಷ್ಟ್ರು. ಮೆಸೆಂಜರ್ ಅಳೆದ ಕ್ಯಾಲ್ಸಿಯಂ 70,000 ಕೆಲ್ವಿನ್‌ಗೆ ಸಮನಾದ ವೇಗದಲ್ಲಿತ್ತು. ಇದು ಹೇಗೆ?

ಪ್ರಿಸಂ_ಪದ್ದಿ
ಒಳ್ಳೇ ಕೊಕ್ಕೆ, ಸುಮ್ನೆ ಅಡ್ಡಮಾತಲ್ಲ. ಒಪ್ಪಿತವಾಗಿರೋ ವಿವರಣೆ ಎರಡು ಹಂತದ್ದು. ಹೊಡೆತಕ್ಕೆ ಏಳೋದು ಬಿಡಿ ಕ್ಯಾಲ್ಸಿಯಂ ಅಲ್ಲ, ಕ್ಯಾಲ್ಸಿಯಂ ಆಕ್ಸೈಡ್‌ನಂಥ ಅಣು. ಮೇಲೆ ಹೋದ್ಮೇಲೆ ಬಿಸಿಲು ಆ ಅಣುವನ್ನ ಒಡೆಯುತ್ತೆ, ಒಡೆದ ಶಕ್ತಿಯೆಲ್ಲ ತುಂಡುಗಳ ಓಟಕ್ಕೆ ಹೋಗುತ್ತೆ. ಅಷ್ಟು ವೇಗ ಅದರಿಂದ ಪೂರ್ತಿ ಬರುತ್ತಾ ಅನ್ನೋದರ ಮೇಲೆ ಇನ್ನೂ ಜಗಳ ಇದೆ.

ಅಡ್ಡಮಾತು
ಜಗಳ ಇದೆ ಅಂದ್ರಲ್ಲ, ಅಷ್ಟು ಸಾಕು ನಂಗೆ.

ಲೆಕ್ಕದ_ಮೇಷ್ಟ್ರು
ಯುರೋಪ್, ಜಪಾನ್ ಸೇರಿ ಬುಧನಿಗೆ ಕಳಿಸಿದ ಬೆಪಿಕೊಲಂಬೊ 2018ರಲ್ಲಿ ಹೊರಟು, ಬುಧನ ಪಕ್ಕ ಆರು ಸಲ ಹಾದುಹೋಗಿದೆ, 2026ರ ನವೆಂಬರ್‌ನಲ್ಲಿ ಕಕ್ಷೆ ಸೇರಬೇಕು. ಅದರಲ್ಲಿರೋ ಜಪಾನಿನ ಮಿಯೊ ನೌಕೆಯಲ್ಲಿ ಧೂಳಿನ ಹೊಡೆತ ಎಣಿಸೋ ಫಲಕವೂ ಇದೆ, ಸೋಡಿಯಂ ಚಿತ್ರ ತೆಗೆಯೋ ಉಪಕರಣವೂ ಇದೆ. ಬೀಳೋದನ್ನೂ ಏಳೋದನ್ನೂ ಒಂದೇ ನೌಕೆ ಅಳೆಯೋದು ಬುಧನಲ್ಲಿ ಇದೇ ಮೊದಲು. ಮೆಸೆಂಜರ್ ಕಾಲದಲ್ಲಿ ಧೂಳಿನ ಲೆಕ್ಕ ಪೂರ್ತಿ ಕಂಪ್ಯೂಟರ್ ಮಾದರಿಯದ್ದೇ ಆಗಿತ್ತು.

ಧೂಳೀಪಟ
ಆದ್ರೆ ಮೇಷ್ಟ್ರೇ, ಅದು ನೋಡೋದು ಸೋಡಿಯಂ. ಬಿಸಿಲು, ಸೌರಮಾರುತ, ಉಲ್ಕೆ ಮೂರೂ ಕೈಯಾಡಿಸೋ ಧಾತು. ಹೆಚ್ಚಾದಾಗ ಯಾರ ಕೈಚಳಕ ಅಂತ ಬಿಡಿಸೋದು ಅಷ್ಟು ಸಲೀಸಲ್ಲ.

ರಾತ್ರಿಗೂಬೆ
ಜೊತೆಗಿರೋ ಯುರೋಪಿನ ನೌಕೆಯಲ್ಲಿ ಫೀಬಸ್ ಅನ್ನೋ ನೇರಳಾತೀತ ಉಪಕರಣ ಇದೆ, ಕ್ಯಾಲ್ಸಿಯಂ ಕೂಡ ನೋಡುತ್ತೆ. ಎಂಕೆಯ ಗುಡ್ಡ ಬರೋ ದಿನ ಮಿಯೊ ಫಲಕದ ಎಣಿಕೆಯೂ ಏರಿದ್ರೆ ಆಯ್ತು.

ಅಡ್ಡಮಾತು
ಏರದಿದ್ರೆ?

ರಾತ್ರಿಗೂಬೆ
ಏರದಿದ್ರೆ ಕಿಲೆನ್ ಅವರ ವಿವರಣೆ ಬಿತ್ತು, ನೀವು ಗೆದ್ರಿ.

ಹೊಸಬ_ಬಂದೆ
ಟ್ರೈಪಾಡ್ ಸಾರ್, ಆ 589ರ ಫಿಲ್ಟರ್ ಎಷ್ಟು ಅಗಲದ್ದು ತಗೋಬೇಕು? ಕಿರಿದಾದಷ್ಟೂ ಒಳ್ಳೇದಾ?

ಟ್ರೈಪಾಡ್
10 ನ್ಯಾನೋಮೀಟರ್ ಅಗಲದ್ದು ಶುರುವಿಗೆ ಸಾಕು. ತೀರಾ ಕಿರಿದಾದ್ದು ತಗೊಂಡ್ರೆ ಬೆಳಕು ಫಿಲ್ಟರ್‌ಗೆ ಓರೆಯಾಗಿ ಬಿದ್ದ ಕೂಡ್ಲೇ ಅದರ ಕಿಂಡಿ 589 ಬಿಟ್ಟು ಆಚೆ ಸರಿಯುತ್ತೆ, ಬಾಲವೇ ಮಾಯ. ಬುಧ ಹುಡುಕೋಕೆ ಮುಂಚೆ ಸೂರ್ಯ ಪೂರ್ತಿ ಮುಳುಗಿದ್ದಾನಾ ನೋಡ್ಕೊಳ್ಳಿ, ಕ್ಯಾಮೆರಾನೂ ಕಣ್ಣೂ ಎರಡೂ ಉಳಿಯುತ್ತೆ.